ಸಣ್ಣ ಪಾರ್ಟುಗಳಿಗೆ ಯಾವ ಲೇತ್? ಗ್ಯಾಂಗ್, ಟರೆಟ್, ಸ್ಲೈಡಿಂಗ್ ಹೆಡ್ ಮೂರರಲ್ಲೂ ಓಡಿಸಿ ನೋಡಿದ್ದು

ನಮ್ಮದು ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಶೆಡ್. ಮುಖ್ಯ ಕೆಲಸ ಹಿತ್ತಾಳೆ ಫಿಟಿಂಗ್, ಆಗಾಗ ಸ್ಟೇನ್‌ಲೆಸ್ ಪಿನ್ನು. ಹಳೇ ಟ್ರಾಬ್ ಆಟೋಮ್ಯಾಟ್‌ಗಳಲ್ಲೇ (ಟೂಲ್‌ಗಳನ್ನು ಕ್ಯಾಮ್ ಎಂಬ ಬಿಲ್ಲೆಗಳು ನಡೆಸುವ ಲೇತು) ಇಷ್ಟು ವರ್ಷ ನಡೆಯಿತು. ಒಂದೇ ಪಾರ್ಟು ಲಕ್ಷಗಟ್ಟಲೆ ಬೇಕು ಅಂದರೆ ಟ್ರಾಬ್ ಈಗಲೂ ಸೋಲುವುದಿಲ್ಲ. ಆದರೆ ಅಷ್ಟು ದೊಡ್ಡ ಹಿತ್ತಾಳೆ ಆರ್ಡರು, ಹಿತ್ತಾಳೆ ಪಾರ್ಟುಗಳಿಗೇ ಹೆಸರಾದ ಗುಜರಾತಿನ ಜಾಮ್‌ನಗರದ ರೇಟನ್ನು ದಾಟಿ ನಮ್ಮ ಹತ್ತಿರ ಬರುವುದೂ ಇಲ್ಲ. ನಮಗೆ ಸಿಗುವುದು ಐನೂರು, ಸಾವಿರ, ಮೂರು ಸಾವಿರದ ಲಾಟುಗಳು. ಪ್ರತಿ ಲಾಟಿಗೂ ಕ್ಯಾಮ್ ಬದಲಿಸುತ್ತಾ ಕೂತರೆ ಸೆಟ್ಟಿಂಗ್‌ನಲ್ಲೇ ಲಾಭ ಹೋಗುತ್ತದೆ. ಹಾಗಾಗಿ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ) ಲೇತು ನೋಡಲು ಹೊರಟೆ.

ಬ್ರೋಷರ್ ಪಕ್ಕಕ್ಕಿಟ್ಟು ನಮ್ಮದೇ ಎರಡು ಡ್ರಾಯಿಂಗ್, ನಮ್ಮದೇ ಬಾರು (ಲೋಹದ ಸರಳು) ತಗೊಂಡು ಹೋದೆ. ಒಂದು ಹಿತ್ತಾಳೆ ನಿಪ್ಪಲ್: 12 ಮಿ.ಮೀ. ಬಾರು, 22 ಮಿ.ಮೀ. ಉದ್ದ, ಮಧ್ಯೆ 4 ಮಿ.ಮೀ. ತೂತು, ಹೊರಗೆ ಎಂ8 ಫೈನ್ ಥ್ರೆಡ್. ಇನ್ನೊಂದು 304 ಸ್ಟೇನ್‌ಲೆಸ್ ಪಿನ್: 5 ಮಿ.ಮೀ. ವ್ಯಾಸ, 45 ಮಿ.ಮೀ. ಉದ್ದ. ಮೆಷಿನ್‌ಗಳು ನಾಲ್ಕು: ಎರಡು ಬೇರೆ ಬೇರೆ ತಯಾರಕರ ಗ್ಯಾಂಗ್ ಟೂಲ್ ಲೇತು (ಟೂಲ್‌ಗಳು ಸಾಲಾಗಿ ಕೂತದ್ದು), ಒಂದು ಎಂಟು ಸ್ಟೇಷನ್ ಟರೆಟ್ (ತಿರುಗುವ ತಲೆಯಲ್ಲಿ ಎಂಟು ಟೂಲ್), ಒಂದು ಸ್ಲೈಡಿಂಗ್ ಹೆಡ್ (ಬಾರು ಹಿಡಿದ ತಲೆಯೇ ಹಿಂದೆ ಮುಂದೆ ಸರಿಯುವುದು). ಕೆಲವನ್ನು ಮಾರುವವರ ಡೆಮೊ ರೂಮಿನಲ್ಲಿ, ಕೆಲವನ್ನು ಪರಿಚಯದವರ ಶೆಡ್ಡಿನಲ್ಲಿ ಓಡಿಸಿದ್ದು. ಇಮ್ಟೆಕ್ಸ್‌ನಂಥ ಮೇಳದಲ್ಲಿ ಓಡುವ ಅಲ್ಯೂಮಿನಿಯಂ ಡೆಮೊ ನೋಡಿ ಮಾತ್ರ ದಯವಿಟ್ಟು ನಿರ್ಧಾರ ಮಾಡಬೇಡಿ. ಅಲ್ಯೂಮಿನಿಯಂನಲ್ಲಿ ಎಲ್ಲಾ ಮೆಷಿನ್ನೂ ಚೆನ್ನಾಗೇ ಕಾಣುತ್ತದೆ.

ಮೊದಲು ಸ್ಲೈಡಿಂಗ್ ಹೆಡ್ ಮುಗಿಸಿಬಿಡುತ್ತೇನೆ, ಅದರಲ್ಲಿ ಚರ್ಚೆ ಕಡಿಮೆ. ಪಿನ್ ವಿಷಯದಲ್ಲಿ ಅದಕ್ಕೆ ಎದುರೇ ಇಲ್ಲ. ಟೂಲ್ ತಾಗುವ ಜಾಗಕ್ಕೆ ಅಂಟಿಕೊಂಡಂತೆ ಗೈಡ್ ಬುಷ್ ಬಾರನ್ನು ಹಿಡಿದಿರುತ್ತದೆ. ಹಾಗಾಗಿ ವ್ಯಾಸದ ಒಂಬತ್ತು ಪಟ್ಟು ಉದ್ದದ ಪಿನ್ನೂ ಬಾಗುವುದಿಲ್ಲ. ಅದೇ ಪಿನ್ ಗ್ಯಾಂಗ್ ಲೇತಿನಲ್ಲಿ ಹಾಕಿದಾಗ ತುದಿ ದಪ್ಪ, ಬುಡ ಸಣ್ಣ, ಮೇಲೆ ಚಾಟರ್ (ನಡುಕದ) ಗುರುತು. ಬಾರು ಆಸರೆಯಿಲ್ಲದೆ ಹೊರಗೆ ಚಾಚಿದರೆ ವ್ಯಾಸದ ಮೂರು, ನಾಲ್ಕು ಪಟ್ಟಿನ ಮೇಲೆ ಭರವಸೆ ಇಡುವ ಹಾಗಿಲ್ಲ. ಟರೆಟ್ ಮೆಷಿನ್ನಿಗೆ ಬಾರಿನ ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಇತ್ತು, ಆದರೆ ನಮ್ಮ ಗಿರಾಕಿ ಪಿನ್ನಿನ ತುದಿಯಲ್ಲಿ ಸೆಂಟರ್ ತೂತು ಒಪ್ಪುವುದಿಲ್ಲ.

ಸ್ಲೈಡಿಂಗ್ ಹೆಡ್ ಬೆಲೆ ಮಾತ್ರ ಬೇರೆ ಲೋಕ. ಒಂದರ ದುಡ್ಡಿನಲ್ಲಿ ಎರಡು, ಮೂರು ಗ್ಯಾಂಗ್ ಲೇತು ಬರುತ್ತವೆ. ಗೈಡ್ ಬುಷ್‌ಗೆ ಗ್ರೈಂಡ್ ಮಾಡಿದ ಬಾರೇ ಬೇಕು. ಸಾದಾ ಡ್ರಾನ್ ಬಾರ್ ಹಾಕಿದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಪಿನ್ ಕೆಲಸ ನಮ್ಮಲ್ಲಿ ತಿಂಗಳ ಕೆಲಸದ ಸಣ್ಣ ಪಾಲು, ಹಾಗಾಗಿ ಅದನ್ನು ಸ್ಲೈಡಿಂಗ್ ಹೆಡ್ ಇರುವ ಸ್ನೇಹಿತರಿಗೆ ಜಾಬ್ ವರ್ಕ್ ಕೊಡುವುದೇ ಸರಿ ಅನ್ನಿಸಿತು.

ನಿಜವಾದ ಪೈಪೋಟಿ ಗ್ಯಾಂಗ್ ಮತ್ತು ಟರೆಟ್ ನಡುವೆ.

ಹಿತ್ತಾಳೆ ನಿಪ್ಪಲ್‌ಗೆ ಆರು ಟೂಲ್ ಬೇಕು. ಟರೆಟ್‌ನಲ್ಲಿ ಪ್ರತಿ ಸಲ ಟೂಲು ಹಿಂದೆ ಹೋಗಬೇಕು, ತಲೆ ತಿರುಗಬೇಕು, ಲಾಕ್ ಆಗಬೇಕು, ಮತ್ತೆ ಮುಂದೆ ಬರಬೇಕು. ತಿರುಗುವುದಕ್ಕೆ ಒಂದು ಸೆಕೆಂಡೂ ಬೇಡ ಅಂತ ಮಾರುವವರು ಹೇಳುವುದು ನಿಜವೇ. ಆದರೆ ಹೋಗಿ ಬರುವುದೂ ಸೇರಿ ಎರಡು, ಎರಡೂವರೆ ಸೆಕೆಂಡ್ ಆಗುತ್ತದೆ. ಗ್ಯಾಂಗ್‌ನಲ್ಲಿ ಟೂಲ್‌ಗಳೆಲ್ಲಾ ಒಂದೇ ಪ್ಲೇಟಿನ ಮೇಲೆ ಸಾಲಾಗಿ ಕೂತಿರುತ್ತವೆ. ಸ್ಲೈಡ್ ಸ್ವಲ್ಪ ಪಕ್ಕಕ್ಕೆ ಸರಿದರೆ ಮುಂದಿನ ಟೂಲ್ ತಯಾರು. ಅದೇ ಪಾರ್ಟು ಗ್ಯಾಂಗ್‌ನಲ್ಲಿ ಸುಮಾರು 28 ಸೆಕೆಂಡ್, ಟರೆಟ್‌ನಲ್ಲಿ ಸುಮಾರು 38. ಎಂಟು ಗಂಟೆಯ ಶಿಫ್ಟ್ ನಿಲ್ಲದೆ ಓಡಿದರೆ 1,000 ಚಿಲ್ಲರೆ ಪಾರ್ಟು ಒಂದು ಕಡೆ, 750 ಚಿಲ್ಲರೆ ಇನ್ನೊಂದು ಕಡೆ. ನಿಲ್ಲದೆ ಯಾವ ಮೆಷಿನ್ನೂ ಓಡುವುದಿಲ್ಲ, ಅದು ಬೇರೆ ಮಾತು.

ಈ ಹತ್ತು ಸೆಕೆಂಡಿಗೆ ಬೆಲೆ ಬರುವುದು ಪಾರ್ಟು ಚಿಕ್ಕದಿದ್ದಾಗ ಮಾತ್ರ. ಐದು ನಿಮಿಷ ಕತ್ತರಿಸುವ ಜಾಬ್ ಇದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಪಾರ್ಟುಗಳ ಸೈಕಲ್ ಟೈಮ್ ಒಂದು ನಿಮಿಷದ ಒಳಗಿಲ್ಲ ಅಂದರೆ ಗ್ಯಾಂಗ್ ಕಡೆ ವಾಲಲು ನನಗೆ ಕಾರಣ ಕಾಣುವುದಿಲ್ಲ.

ಗ್ಯಾಂಗ್‌ನ ಕಷ್ಟ ಸೆಟ್ಟಿಂಗ್‌ನಲ್ಲಿ ಗೊತ್ತಾಗುತ್ತದೆ. ಟರೆಟ್‌ನಲ್ಲಿ ಒಂದು ಟೂಲ್ ಕೆಲಸ ಮಾಡುವಾಗ ಉಳಿದವು ದೂರ ಇರುತ್ತವೆ. ಇಲ್ಲಿ ಹಾಗಲ್ಲ, ಮದುವೆ ಊಟದ ಪಂಕ್ತಿಯ ಹಾಗೆ ಎಲ್ಲರ ಮೊಣಕೈ ಎಲ್ಲರಿಗೂ ತಾಗುತ್ತದೆ. ಟರ್ನಿಂಗ್ ಟೂಲ್ ಕಾಲೆಟ್ (ಬಾರು ಹಿಡಿಯುವ ಹಿಡಿಕೆ) ಹತ್ತಿರದವರೆಗೆ ಹೋಗಬೇಕಾದಾಗ ಪಕ್ಕದ ಡ್ರಿಲ್ ಅದಕ್ಕಿಂತ ಉದ್ದ ಚಾಚಿದ್ದರೆ ನೇರ ಸ್ಪಿಂಡಲ್ ಮೂತಿಗೆ ಹೊಡೆಯುತ್ತದೆ. ಉದ್ದದ ಡ್ರಿಲ್ ಪ್ಲೇಟಿನ ತುದಿಗೆ ಹೋಗಬೇಕು, ಪಕ್ಕದಲ್ಲಿ ಜಾಗ ಖಾಲಿ ಬಿಡಬೇಕು. ಬ್ರೋಷರ್‌ನಲ್ಲಿ ಎಂಟು ಟೂಲ್ ಅಂತ ಇದ್ದ ಪ್ಲೇಟಿನಲ್ಲಿ ನಮ್ಮ ನಿಪ್ಪಲ್‌ಗೆ ನಿಜವಾಗಿ ಕೂತದ್ದು ಆರು. ಬಾರ್ ಪುಲ್ಲರ್ (ಬಾರನ್ನು ಹೊರಗೆಳೆಯುವ ಸಾಧನ) ಹಾಕಿದರೆ ಅದಕ್ಕೂ ಒಂದು ಜಾಗ ಹೋಗುತ್ತದೆ.

ಸ್ಟೇನ್‌ಲೆಸ್ ಚಿಪ್ಸ್ ಇನ್ನೊಂದು ತಲೆನೋವು. ಹಿತ್ತಾಳೆ ಪುಡಿಪುಡಿಯಾಗಿ ಉದುರುತ್ತದೆ. 304 ಹಗ್ಗದ ಹಾಗೆ ಬಂದು ಪಕ್ಕದ ಟೂಲ್‌ಗಳಿಗೆ ಸುತ್ತಿಕೊಳ್ಳುತ್ತದೆ, ಆಪರೇಟರ್ ಕೊಕ್ಕೆ ಹಿಡಿದು ನಿಲ್ಲಬೇಕು. ಇದರಲ್ಲಿ ಟರೆಟ್ ಎಷ್ಟೋ ವಾಸಿ.

ಸೈಜ್ ನಿಲ್ಲುವ ವಿಷಯ ಯಾರೂ ಹೇಳಿಕೊಡಲಿಲ್ಲ, ಓಡಿಸುವಾಗಲೇ ಕಂಡದ್ದು. ಬೆಳಿಗ್ಗೆ ತಣ್ಣಗಿರುವ ಮೆಷಿನ್ ಮಧ್ಯಾಹ್ನಕ್ಕೆ ಬಿಸಿಯಾಗುತ್ತದೆ, ಸ್ಲೈಡ್ ಸರಿಸುವ ಬಾಲ್ ಸ್ಕ್ರೂ ಬೆಳೆಯುತ್ತದೆ. 200 ಮಿ.ಮೀ. ಉದ್ದದ ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 23 ಮೈಕ್ರಾನ್ ಬೆಳೆಯುತ್ತದೆ. ಲೇತಿನಲ್ಲಿ ಅದು ವ್ಯಾಸಕ್ಕೆ ಬಂದಾಗ ಎರಡು ಪಟ್ಟು, ಅಂದರೆ 46. ಟರೆಟ್‌ನಲ್ಲಿ ಎಲ್ಲಾ ಟೂಲೂ ಹೆಚ್ಚುಕಡಿಮೆ ಸ್ಕ್ರೂವಿನ ಒಂದೇ ಜಾಗದಲ್ಲಿ ಕತ್ತರಿಸುತ್ತವೆ. ಎಲ್ಲವೂ ಒಂದೇ ಥರ ಸರಿಯುವುದರಿಂದ ಆಫ್‌ಸೆಟ್ (ಸೈಜ್ ತಿದ್ದುಪಡಿ) ಕೊಡುವುದು ಸುಲಭ. ಗ್ಯಾಂಗ್‌ನಲ್ಲಿ ಪ್ಲೇಟಿನ ಈ ತುದಿಯ ಟೂಲು, ಆ ತುದಿಯ ಟೂಲು ಸ್ಕ್ರೂವಿನ ಬೇರೆ ಬೇರೆ ಜಾಗದಲ್ಲಿ ಕೆಲಸ ಮಾಡುತ್ತವೆ. ಒಂದು ಜಾಸ್ತಿ ಸರಿದರೆ ಇನ್ನೊಂದು ಕಡಿಮೆ. ಬಿಗಿ ಟಾಲರೆನ್ಸ್ ಇರುವ ಎರಡು ವ್ಯಾಸಗಳಿದ್ದರೆ ಆ ಟೂಲ್‌ಗಳನ್ನು ಅಕ್ಕಪಕ್ಕ ಕೂರಿಸಿ. ಟ್ರಯಲ್ ನೋಡುವಾಗ ಎರಡು ತುದಿಯ ಟೂಲಿನಲ್ಲೂ ಸೈಜ್ ತೆಗೆಸಿ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ.

ಇನ್ನು ಎರಡು ಗ್ಯಾಂಗ್ ಲೇತುಗಳು. ಒಂದು ಫ್ಲ್ಯಾಟ್ ಬೆಡ್ (ತಳ ಮಟ್ಟಸ), ಸ್ಪಿಂಡಲ್ 4,000 ಆರ್‌ಪಿಎಂ, ಕಾಲೆಟ್ ಹಿಂದಕ್ಕೆ ಎಳೆದು ಹಿಡಿಯುವ ಥರದ್ದು. ಇನ್ನೊಂದು ಸ್ಲಾಂಟ್ ಬೆಡ್ (ತಳ ಓರೆ), 6,000 ಆರ್‌ಪಿಎಂ, ಡೆಡ್ ಲೆಂತ್ ಕಾಲೆಟ್ (ಹಿಡಿಯುವಾಗ ಬಾರನ್ನು ಎಳೆಯದ್ದು), ಬೆಲೆ ಸಹಜವಾಗಿ ಜಾಸ್ತಿ. ಹಿತ್ತಾಳೆಯನ್ನು ನಿಮಿಷಕ್ಕೆ 200 ಮೀಟರ್ ವೇಗದಲ್ಲಿ ಕತ್ತರಿಸಬೇಕು ಅಂದರೆ 12 ಮಿ.ಮೀ. ಬಾರಿಗೆ 5,300 ಆರ್‌ಪಿಎಂ ಬೇಕು. ಅಂದರೆ ಕಾಗದದ ಮೇಲೆ ಎರಡನೆಯದೇ ಗೆಲ್ಲಬೇಕು. ಓಡಿಸಿದಾಗ ವ್ಯತ್ಯಾಸ ಅಷ್ಟು ಬರಲಿಲ್ಲ. ಚಿಕ್ಕ ಪಾರ್ಟಿನಲ್ಲಿ ಸ್ಪಿಂಡಲ್ ವೇಗ ಏರಿಸಿ ಇಳಿಸುವುದಕ್ಕೇ ಸಮಯ ಹೋಗುತ್ತದೆ. ನಮ್ಮ ಸೆಟ್ಟರ್ ಪ್ರೋಗ್ರಾಂ ನೋಡಿ, "ಸಾರ್, ಜಿ96 ತೆಗೆದು ಜಿ97 ಹಾಕೋಣ, ಸುಮ್ನೆ ಮೇಲೆ ಕೆಳಗೆ ಆಡ್ತಾ ಇದೆ" ಅಂದರು. ಜಿ96 ವ್ಯಾಸಕ್ಕೆ ತಕ್ಕಂತೆ ಆರ್‌ಪಿಎಂ ಬದಲಿಸುವ ಕೋಡ್, ಜಿ97 ಸ್ಥಿರ ಆರ್‌ಪಿಎಂ ಕೋಡ್. ಅದನ್ನು ಹಾಕಿದ ಮೇಲೆ ಎರಡೂ ಮೆಷಿನ್ ಹತ್ತಿರ ಹತ್ತಿರ ಬಂದವು.

ಕಾಲೆಟ್ ಬಗ್ಗೆ ಮಾರುವವರು ಮಾಡುವ ಗದ್ದಲವನ್ನೂ ಸ್ವಲ್ಪ ಜಾಲಿಸಬೇಕು. ಎಳೆದು ಹಿಡಿಯುವ ಕಾಲೆಟ್‌ನಲ್ಲಿ ಬಾರಿನ ವ್ಯಾಸ ಹೆಚ್ಚುಕಡಿಮೆ ಆದ ಹಾಗೆ ಬಾರು ಒಳಗೆ ಹೋಗುವ ದೂರವೂ ಬದಲಾಗುತ್ತದೆ. ಆದರೆ ಬಾರು ಹಿಡಿದ ಮೇಲೆ ಫೇಸಿಂಗ್ (ತುದಿ ಸಮ ಮಾಡುವುದು), ಕೊನೆಗೆ ಪಾರ್ಟಿಂಗ್ (ಪಾರ್ಟು ಕತ್ತರಿಸಿ ಬೇರ್ಪಡಿಸುವುದು), ಎರಡೂ ಅದೇ ಹಿಡಿತದಲ್ಲಿ ಆಗುವುದರಿಂದ ಪಾರ್ಟಿನ ಉದ್ದ ಕೆಡುವುದಿಲ್ಲ. ತೊಂದರೆ ಬರುವುದು ಎರಡನೇ ಆಪರೇಷನ್‌ನಲ್ಲಿ, ಪಾರ್ಟನ್ನು ಸ್ಟಾಪರ್‌ಗೆ ಒತ್ತಿ ಹಿಡಿಯುವಾಗ. ನಮ್ಮ ನಿಪ್ಪಲ್‌ಗೆ ಹಿಂದಿನ ಬರ್ (ಅಂಚಿನ ಮುಳ್ಳು) ತೆಗೆಯುವ ಕೆಲಸ ಇದ್ದೇ ಇದೆ, ಅದಕ್ಕೆ ಡೆಡ್ ಲೆಂತ್ ಬೇಕಾಗಿತ್ತು. ಬರೀ ಬಾರ್ ಕೆಲಸ ಇರುವವರು ಇದಕ್ಕೆ ದುಡ್ಡು ಸುರಿಯಬೇಕಿಲ್ಲ.

ನನ್ನ ಮನಸ್ಸು ಎರಡನೆಯದರ ಕಡೆ ತಿರುಗಿದ್ದು ಬೆಡ್‌ನಿಂದಾಗಿ. ಫ್ಲ್ಯಾಟ್ ಬೆಡ್‌ನಲ್ಲಿ ಹಿತ್ತಾಳೆ ಪುಡಿ ಸ್ಲೈಡಿನ ಕವರ್ ಮೇಲೆ ಗುಡ್ಡೆ ಬೀಳುತ್ತಿತ್ತು, ಆಗಾಗ ನಿಲ್ಲಿಸಿ ಗುಡಿಸಬೇಕು. ಸ್ಲಾಂಟ್‌ನಲ್ಲಿ ಕೂಲೆಂಟ್ ಜೊತೆ ತಾನೇ ಇಳಿದು ಹೋಗುತ್ತದೆ. ಒಬ್ಬ ಆಪರೇಟರ್ ಎರಡು ಮೆಷಿನ್ ನೋಡಿಕೊಳ್ಳುವ ನಮ್ಮಂಥ ಶೆಡ್ಡಿಗೆ ಇದು ಆರ್‌ಪಿಎಂಗಿಂತ ದೊಡ್ಡ ವಿಷಯ.

ಟರೆಟ್ ಬಿಟ್ಟದ್ದಕ್ಕೆ ಒಂದು ಬೇಸರ ಇದೆ. ನಾಳೆ ಯಾರಾದರೂ 80 ಮಿ.ಮೀ. ಫ್ಲ್ಯಾಂಜ್ ತಂದರೆ ಗ್ಯಾಂಗ್ ಲೇತಿನಲ್ಲಿ ಮಾಡಲು ಆಗುವುದಿಲ್ಲ. ಮಾರಲು ಹೋದರೂ ಟರೆಟ್‌ಗೆ ಗಿರಾಕಿ ಬೇಗ ಸಿಗುತ್ತಾರೆ. ಈಗಷ್ಟೇ ಶುರು ಮಾಡಿ, ಯಾವ ಕೆಲಸ ಬರುತ್ತದೋ ಗೊತ್ತಿಲ್ಲದವರಿಗೆ ನಾನು ಟರೆಟ್ಟನ್ನೇ ಹೇಳುತ್ತೇನೆ.

ಬಾರ್ ಪುಲ್ಲರ್ ಸಾಕೋ, ಹಿಂದಿನಿಂದ ಬಾರು ತಳ್ಳುವ ಫೀಡರ್ ಬೇಕೋ ಅನ್ನುವ ಪ್ರಶ್ನೆಗೆ ಎಂಡ್ ಬಿಟ್ (ಬಾರಿನ ಕೊನೆಗೆ ಉಳಿಯುವ ತುಂಡು) ಲೆಕ್ಕ ಹಾಕಿ. ಪುಲ್ಲರ್ ಅಂದರೆ 3 ಮೀಟರ್ ಬಾರನ್ನು ಸ್ಪಿಂಡಲ್ ಉದ್ದಕ್ಕೆ ಐದು ತುಂಡು ಮಾಡಬೇಕು. ತುಂಡಿಗೆ 50 ಮಿ.ಮೀ. ಉಳಿದರೂ 250 ಮಿ.ಮೀ. ಹಿತ್ತಾಳೆ ಗುಜರಿಗೆ, ನೂರಕ್ಕೆ ಎಂಟು ಪಾಲು. ಫೀಡರ್‌ನಲ್ಲಿ ಇಡೀ ಬಾರಿಗೆ ಒಂದೇ ಎಂಡ್ ಬಿಟ್, ಆದರೆ ಹಿಂದೆ ಮೂರು ಮೀಟರಿಗೂ ಹೆಚ್ಚು ಜಾಗ ಬೇಕು, ಬಾರು ನೆಟ್ಟಗಿರಬೇಕು. ನಮ್ಮ ಶೆಡ್ಡಿನಲ್ಲಿ ಆ ಜಾಗ ಇಲ್ಲ, ಹಾಗಾಗಿ ಸದ್ಯಕ್ಕೆ ಪುಲ್ಲರ್. ಆರ್ಡರ್ ಕೊಡುವಾಗ ಹೆಚ್ಚುವರಿ ಟೂಲ್ ಪ್ಲೇಟ್ ಒಂದನ್ನು ಬೆಲೆಯಲ್ಲೇ ಸೇರಿಸಿ ಕೇಳಿದೆ. ಮೆಷಿನ್ ಒಂದು ಜಾಬ್ ಓಡಿಸುವಾಗ ಇನ್ನೊಂದು ಜಾಬಿನ ಟೂಲ್‌ಗಳನ್ನು ಮೇಜಿನ ಮೇಲೇ ಜೋಡಿಸಿಡಬಹುದು. ಸಾವಿರದ ಲಾಟು ಮಾಡುವವರು ಯಾವ ಗ್ಯಾಂಗ್ ಲೇತ್ ತಗೊಂಡರೂ ಈ ಪ್ಲೇಟನ್ನು ಮಾತ್ರ ಬಿಡಬೇಡಿ.