ಡಿಜಿಟಾಲಾರ್ಕಿವೆಟ್: ಮನೆಹೆಸರು ಕೊನೆಗೆ ಬರುವ ಊರಿನ ದಾಖಲೆ ಮನೆ

ಒಕ್ಕದ (ಕೊಡವರ ಮನೆತನದ) ವಂಶವೃಕ್ಷ ಅಚ್ಚು ಹಾಕಿಸಲು ಹೊರಟ ಮನೆಗಳಲ್ಲಿ ಈಗೊಂದು ಹೊಸ ತಲೆನೋವು. ಮಗನೋ ಮಗಳೋ ಅಮೆರಿಕದ ಮಿನ್ನೆಸೋಟದಲ್ಲಿ ಮದುವೆಯಾಗಿರುತ್ತಾರೆ. ಬೀಗರು ಲಾರ್ಸನ್, ಹೌಗೆನ್ ಅಥವಾ ನೆಲ್ಸನ್. ಅವರ ಹಿರಿಯರು ನಾರ್ವೆಯಿಂದ ಬಂದವರು ಎಂಬಲ್ಲಿಗೆ ಮಾಹಿತಿ ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗಲು ಕಾಸು ಖರ್ಚಿಲ್ಲದ ದಾರಿ ಎಂದರೆ ನಾರ್ವೆಯ ರಾಷ್ಟ್ರೀಯ ದಾಖಲೆ ಸಂಸ್ಥೆ 1998ರಿಂದ ನಡೆಸುತ್ತಿರುವ ಡಿಜಿಟಾಲಾರ್ಕಿವೆಟ್ ಜಾಲತಾಣ. ಹುಡುಕಲು ಲಾಗಿನ್ ಬೇಡ, ಚಂದಾ ಇಲ್ಲ. ಆದರೆ ಅಲ್ಲಿನ ಹೆಸರುಗಳ ಕಟ್ಟು ತಿಳಿಯದೆ ಕೈ ಹಾಕಿದರೆ ತೌಡು ಕುಟ್ಟಿದ ಹಾಗೆ.

ಈ ಕಟ್ಟು ಕೊಡಗಿನವರಿಗೆ ಬೇಗ ಹತ್ತುತ್ತದೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂದಾಗ ಮೊದಲು ಒಕ್ಕ, ಆಮೇಲೆ ಅಪ್ಪ, ಕೊನೆಗೆ ತಾನು. ಓಲೆ ಲಾರ್ಸೆನ್ ಬಕ್ಕೆನ್ ಎಂದಾಗ ಮೊದಲು ತಾನು, ಆಮೇಲೆ ಅಪ್ಪ (ಲಾರ್ಸ್‌ನ ಮಗ), ಕೊನೆಗೆ ಮನೆ. ಅದೇ ಮೂರು ತುಂಡು, ತಿರುಗಾಮುರುಗಾ.

ಹಾಗೆಂದು ಬಕ್ಕೆನ್ ಎಂಬುದನ್ನು ಒಕ್ಕ ಎಂದುಕೊಂಡಿರೋ, ಅಲ್ಲೇ ಜಾರಿದಿರಿ. ಒಕ್ಕದ ಹೆಸರು ರಕ್ತಕ್ಕೆ ಅಂಟಿದ್ದು. ಪೊನ್ನಂಪೇಟೆ ಬಿಟ್ಟು ಮಡಿಕೇರಿಗೆ ಬಂದರೂ ಜೊತೆಗೇ ಬರುತ್ತದೆ. ನಾರ್ವೆಯ ಹೆಸರು ಜಮೀನಿಗೆ ಅಂಟಿದ್ದು. ಬಕ್ಕೆನ್‌ನಲ್ಲಿದ್ದ ಲಾರ್ಸ್ ಗೇಣಿಗೆಂದು ಮೋಯೆನ್‌ಗೆ ಹೋದರೆ ಅವನು ಲಾರ್ಸ್ ಮೋಯೆನ್. ಹೆಂಡತಿಯ ಮನೆಗೆ ಬಂದು ನಿಂತ ಅಳಿಯನಿಗೂ ಹಟ್ಟಿ ಕೆಲಸದ ಆಳಿಗೂ ಆ ಜಮೀನಿನ ಹೆಸರೇ. ಹೌಗೆನ್ ಎಂದರೆ ನಮ್ಮಲ್ಲಿನ ಮೊಟ್ಟೆ, ಅಂದರೆ ಗುಡ್ಡ. ಮೊಟ್ಟೆ ಇಲ್ಲದ ನಾಡು ಕೊಡಗಿನಲ್ಲಿ ಉಂಟೇ? ಅಲ್ಲಿಯೂ ಕಣಿವೆಗೊಂದು ಹೌಗೆನ್. ಇಬ್ಬರು ಹೌಗೆನ್‌ಗಳು ನೆಂಟರೆಂದು ವಂಶವೃಕ್ಷದಲ್ಲಿ ಗೆರೆ ಎಳೆಯುವ ಮೊದಲು ಜಿಲ್ಲೆ, ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿ), ಜಮೀನು ಮೂರೂ ಹೊಂದುತ್ತವೆಯೇ ನೋಡಿ. ಕುಟುಂಬಕ್ಕೊಂದು ಕಾಯಂ ಹೆಸರು ಇರಲೇಬೇಕೆಂದು ನಾರ್ವೆ ಕಾನೂನು ಮಾಡಿದ್ದೇ 1923ರಲ್ಲಿ.

1865ರ ಜನಗಣತಿಯಲ್ಲಿ ಒಂದು ಮನೆ ಹೀಗಿರುತ್ತದೆ ಎಂದುಕೊಳ್ಳಿ: ಯಜಮಾನ ಲಾರ್ಸ್ ಓಲ್ಸೆನ್, ಹೆಂಡತಿ ಸಿಗ್ರಿದ್ ನಿಲ್ಸ್‌ದಾತ್ತೆರ್ (ನಿಲ್ಸ್‌ನ ಮಗಳು), ಮಗ ಓಲೆ ಲಾರ್ಸೆನ್, ಮಗಳು ಮಾರಿತ್ ಲಾರ್ಸ್‌ದಾತ್ತೆರ್. ಒಂದೇ ಒಲೆ, ನಾಲ್ಕು ಹೆಸರು. ಹೆಣ್ಣು ಮದುವೆಯಾದರೂ ಅಪ್ಪನ ಹೆಸರು ಬಿಡುತ್ತಿರಲಿಲ್ಲ. ಹಡಗು ಹತ್ತಿ ಅಮೆರಿಕಕ್ಕೆ ಹೋದ ಮೇಲೆ ಈ ಮಾರಿತ್ ಲಾರ್ಸನ್ ಆಗಬಹುದು, ಓಲ್ಸನ್ ಆಗಬಹುದು, ಜಮೀನಿನ ಹೆಸರು ಹಿಡಿದು ಬಕ್ಕೆನ್ ಆಗಲೂಬಹುದು. ಅಣ್ಣ ಒಂದು ಹೆಸರು, ತಮ್ಮ ಇನ್ನೊಂದು ಇಟ್ಟುಕೊಂಡ ಮನೆಗಳೂ ಇವೆ. ಆದ್ದರಿಂದ ಅಮೆರಿಕದ ಉಪನಾಮವನ್ನೇ ನಾರ್ವೆಯಲ್ಲಿ ಹುಡುಕಬೇಡಿ. ಸ್ವಂತ ಹೆಸರು, ಹುಟ್ಟಿದ ವರ್ಷ, ಊರು ಹಾಕಿ. ಉಪನಾಮದ ಜಾಗ ಖಾಲಿ ಬಿಡಿ.

ನ್ಯೂಯಾರ್ಕಿನ ವಲಸಿಗರ ತಪಾಸಣಾ ಕೇಂದ್ರವಾದ ಎಲ್ಲಿಸ್ ಐಲ್ಯಾಂಡಿನ ಗುಮಾಸ್ತ ಹೆಸರು ಕೆಡಿಸಿದ ಎಂಬ ಕಥೆ ಬೀಗರ ಮನೆಯಲ್ಲಿ ಹೇಗೂ ಕೇಳಿಬರುತ್ತದೆ. ನಂಬಬೇಡಿ. ಆ ಕೇಂದ್ರ ತೆರೆದದ್ದೇ 1892ರಲ್ಲಿ, ಅಷ್ಟರೊಳಗೆ ಲಕ್ಷಾಂತರ ನಾರ್ವೇಜಿಯನ್ನರು ಬಂದಾಗಿತ್ತು. ಅಲ್ಲಿನ ಗುಮಾಸ್ತರು ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಹಡಗಿನವರು ಹೊರಡುವಾಗಲೇ ಬರೆದು ತಂದ ಪಟ್ಟಿಯನ್ನು ತಾಳೆ ನೋಡುತ್ತಿದ್ದರು. ಬದಲಾವಣೆ ಆದದ್ದು ಆಮೇಲೆ, ಶಾಲೆಯಲ್ಲಿ, ಜಮೀನಿನ ಕಾಗದದಲ್ಲಿ, ಬಹಳ ಸಲ ಅವರದೇ ಕೈಯಲ್ಲಿ.

ಅಕ್ಷರದ ಕಾಟ ನಮಗೆ ಹೊಸದಲ್ಲ. ಇಂಗ್ಲಿಷಿನಲ್ಲಿ ಕಾರ್ಯಪ್ಪನವರ ಕೊಡಂದೇರಕ್ಕೆ ‘ಡಿ’ ಆದ ಮೇಲೆ ‘ಎ’, ತಿಮ್ಮಯ್ಯನವರದ್ದಕ್ಕೆ ‘ಇ’ ಬರೆಯುವುದು ರೂಢಿ. ಕನ್ನಡದಲ್ಲಿ ಬರೆದರೆ ಒಂದೇ. ನಾರ್ವೆಯಲ್ಲೂ ಕ್ರಿಸ್ಟಿಯನ್ ಒಬ್ಬನೇ, ಆದರೆ ಪಾದ್ರಿಯ ಮನಸ್ಸು ಬಂದಂತೆ ‘ಕೆ’ಯಿಂದಲೋ ‘ಸಿಎಚ್’ನಿಂದಲೋ ಶುರು. ಪೇರ್, ಪೇಡರ್, ಪೀಟರ್ ಒಂದೇ ಹೆಸರಿನ ರೂಪಗಳು. ಸಿಗ್ರಿದ್‌ಳನ್ನು ಸಿರಿ ಎಂದೂ ಬರೆದಿರುತ್ತಾರೆ. ತಲೆಯ ಮೇಲೆ ಸೊನ್ನೆ ಹೊತ್ತ ‘ಎ’ ಅಕ್ಷರ ನಾರ್ವೆಯಲ್ಲಿ ಅಧಿಕೃತವಾದದ್ದು 1917ರಲ್ಲಿ. ಅದಕ್ಕೂ ಹಳೆಯ ದಾಖಲೆಗೆ ಎರಡು ‘ಎ’ ಹಾಕಿಯೂ ನೋಡಬೇಕು. ಜಾಲತಾಣದಲ್ಲಿ ಇದಕ್ಕೆ ಮದ್ದು ಇದೆ. ಮೊದಲ ಎರಡು ಅಕ್ಷರ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಓಲೆ, ಓಲಾ, ಓಲುಫ್ ಎಲ್ಲ ಬರುತ್ತಾರೆ. ಎರಡು ಕಾಗುಣಿತದ ನಡುವೆ ನಿಂತ ಗೆರೆ ಹಾಕಿದರೆ ಎರಡನ್ನೂ ಒಟ್ಟಿಗೆ ಹುಡುಕುತ್ತದೆ. ಅಡ್ಡಗೆರೆಯ ‘ಓ’ ಬೇಕಿದ್ದರೆ ಫೋನಿನ ಇಂಗ್ಲಿಷ್ ಕೀಲಿಮಣೆಯಲ್ಲಿ ‘ಓ’ ಒತ್ತಿ ಹಿಡಿಯಿರಿ, ಸಾಕು.

ಯಾವ ಜನಗಣತಿ? 1801ರದ್ದರಲ್ಲಿ ಹುಟ್ಟೂರು ಇಲ್ಲ. 1865ರದ್ದರಲ್ಲಿ ಹುಟ್ಟೂರು ಇದೆ, ಹುಟ್ಟಿದ ವರ್ಷದ ಬದಲು ವಯಸ್ಸು ಇದೆ. ಒಂದೆರಡು ವರ್ಷ ಆಚೀಚೆ ಬಿಟ್ಟು ಹುಡುಕಿ. ಊರಲ್ಲೇ ಉಳಿದವರನ್ನು ಹಿಡಿಯಲು 1910ರದ್ದೇ ಉತ್ತಮ, ಹುಟ್ಟಿದ ದಿನಾಂಕವೇ ಸಿಗುತ್ತದೆ. 1920ರದ್ದು ನೂರು ವರ್ಷದ ಗೋಪ್ಯತೆ ಮುಗಿದ ಮೇಲೆ 2020ರ ಡಿಸೆಂಬರಿನಲ್ಲಿ ತೆರೆದುಕೊಂಡಿತು. ಹಡಗು ಹತ್ತಿದವರಿಗಾಗಿ ಪೊಲೀಸರ ವಲಸೆ ದಾಖಲೆ ನೋಡಿ. ಕ್ರಿಸ್ಟಿಯಾನಿಯದ್ದು, ಅಂದರೆ ಈಗಿನ ಓಸ್ಲೋದ್ದು, 1867ರಿಂದ ಇದೆ.

ಜನಗಣತಿಯಲ್ಲಿ ಸಿಕ್ಕವನು ಅವನೇ ಹೌದೋ ಎಂದು ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ತಾಳೆ ನೋಡಲೇಬೇಕು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವುದು ಅಲ್ಲಿನ ವಾಡಿಕೆ. ಇಬ್ಬರು ಅಜ್ಜಂದಿರೂ ಓಲೆ ಆಗಿದ್ದರೆ ಮನೆಯಲ್ಲಿ ಇಬ್ಬರು ಓಲೆಗಳು. ಮಗು ತೀರಿಕೊಂಡರೆ ಮುಂದಿನ ಮಗುವಿಗೂ ಅದೇ ಹೆಸರು. ಸತ್ತ ಓಲೆಯನ್ನು ಅಮೆರಿಕಕ್ಕೆ ಕಳಿಸಿದ ವಂಶವೃಕ್ಷಗಳಿಗೆ ಕೊರತೆಯಿಲ್ಲ.

ಕೊರತೆ ಹೇಳಬೇಕೆಂದರೆ, ಇಂಗ್ಲಿಷ್ ಆಯ್ಕೆ ಒತ್ತಿದರೂ ಬದಲಾಗುವುದು ಗುಂಡಿ, ಪಟ್ಟಿಗಳು ಮಾತ್ರ. ದಾಖಲೆಯೊಳಗಿನ ‘ಯು-ಜಿ’ ಅಂದರೆ ಮದುವೆಯಾಗದವರು, ಬರೀ ‘ಜಿ’ ಅಂದರೆ ಆದವರು, ‘ಇ’ ಅಂದರೆ ಸಂಗಾತಿ ತೀರಿಕೊಂಡವರು ಎಂದು ನೀವೇ ಗುರುತಿಟ್ಟುಕೊಳ್ಳಬೇಕು. ಚರ್ಚಿನ ಹಳೆಯ ಪುಸ್ತಕಗಳು ಗೋಥಿಕ್ ಕೈಬರಹದಲ್ಲಿವೆ. ಟೈಪ್ ಮಾಡಿದ ಪ್ರತಿಯಲ್ಲಿ ತಪ್ಪುಗಳಿರುತ್ತವೆ, ಟೈಪ್ ಆಗದ್ದನ್ನು ಪುಟ ಪುಟ ತಿರುಗಿಸಬೇಕು. ಚಿತ್ರಗಳು ಭಾರ. ಆಷಾಢದ ಮಳೆಯಲ್ಲಿ ಸಿಗ್ನಲ್ ಬಂದು ಹೋಗುವ ಊರುಗಳಲ್ಲಿ ಈ ಕೆಲಸ ಬೆಳಿಗ್ಗೆ ಬೇಗ ಮುಗಿಸುವುದು ಲೇಸು.

ಇದು ನಾರ್ವೆಗೆ ಮಾತ್ರ. ನೆಲ್ಸನ್ ಮೂಲದಲ್ಲಿ ಎರಡು ‘ಎಸ್’ನ ನಿಲ್ಸ್‌ಸನ್ ಆಗಿದ್ದರೆ, ಅಥವಾ ರಾಸ್ಕ್, ಮೋದಿಗ್ ಎಂಬಂಥ ಸಿಪಾಯಿ ಹೆಸರು ಬಂದರೆ ಅದು ಸ್ವೀಡನ್ನಿನ ದಾರಿ, ಅಲ್ಲಿನ ರಾಷ್ಟ್ರೀಯ ದಾಖಲೆ ಸಂಸ್ಥೆಯ ಚಿತ್ರಗಳೂ 2018ರಿಂದ ಉಚಿತ. ಎಲ್ಲೇ ಸಿಗಲಿ, ಪುಟದ ಶಾಶ್ವತ ಕೊಂಡಿಯ ಜೊತೆಗೆ ಪ್ಯಾರಿಷ್, ಪುಸ್ತಕದ ವರ್ಷ, ಪುಟಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಮತ್ತೆ ಅದೇ ಪುಟ ಹುಡುಕಲು ಅರ್ಧ ದಿನ ಬೇಕು.