‘ಎಷ್ಟು ಬಿತ್ತು ಇದು?’: ರಾಯಚೂರಿನಲ್ಲಿ ಆರು ವರ್ಷ ಮಕಾವ್ ಸಾಕಿದ ಲೆಕ್ಕ

ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ: "ಎಷ್ಟು ಬಿತ್ತು ಇದು?" 2019ರಲ್ಲಿ ಈ ಮಕಾವ್ ಗಿಳಿಯ ಮರಿಗೆ ಕೊಟ್ಟದ್ದು 1 ಲಕ್ಷ 40 ಸಾವಿರ. ಮೊದಮೊದಲು ಅದನ್ನೇ ಹೇಳುತ್ತಿದ್ದೆ, ಸ್ವಲ್ಪ ಜಂಬದಿಂದಲೇ. ಈಗ "ಇನ್ನೂ ಬೀಳ್ತಾನೇ ಇದೆ" ಅನ್ನುತ್ತೇನೆ.

ನಾನು ನಮ್ಮೂರ ಕಾಳುಕಡಿ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನಲ್ಲಿ ಸಣ್ಣ ಅಡತ್ (ಕಮಿಷನ್) ಅಂಗಡಿ ಇಟ್ಟವನು. ಹಕ್ಕಿ ಶಾಸ್ತ್ರ ಓದಿದವನಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಮರುಳಾದವನು. ಹಾಗೇ ಮರುಳಾಗುವ ಹಂತದಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬ್ಲೂ ಅಂಡ್ ಗೋಲ್ಡ್ ಮಕಾವ್. ಬೆನ್ನು ನೀಲಿ, ಎದೆ ಅರಿಶಿಣ. ಕೊಕ್ಕಿನಿಂದ ಬಾಲದ ತುದಿವರೆಗೆ ಮೂರು ಅಡಿಗೆ ಸ್ವಲ್ಪ ಕಡಿಮೆ, ತೂಕ ಕೆಜಿ ಆಸುಪಾಸು. ಮೂಲ ದಕ್ಷಿಣ ಅಮೆರಿಕದ ಕಾಡು. ದೊಡ್ಡ ಮಕಾವ್‌ಗಳಲ್ಲಿ ಜಾಸ್ತಿ ಸಿಗುವುದು ಇದೇ. ಪೂರ್ತಿ ನೀಲಿ ಇರುವ ಹಯಸಿಂತ್ ಇನ್ನೂ ದೊಡ್ಡದು, ಸುಮಾರು ಒಂದು ಮೀಟರ್ ಉದ್ದ. ಹಾರುವ ಗಿಳಿಗಳಲ್ಲಿ ಅದಕ್ಕಿಂತ ಉದ್ದದ್ದು ಇಲ್ಲ. ಅದೂ, ಕೆಂಪು ಸ್ಕಾರ್ಲೆಟ್ ಮಕಾವೂ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿವೆ. ಅಂದರೆ ಅತಿ ಬಿಗಿ ಕಾವಲು. ನಮ್ಮದು ಎರಡನೇ ಪಟ್ಟಿ. ಮಾರುವವರು ಮಾತ್ರ ಎಲ್ಲದಕ್ಕೂ "ಭಾಳ ರೇರ್ ಸರ್" ಅಂತಾರೆ. ಆ ‘ರೇರ್’ ಅನ್ನುವ ಮಾತಿಗೇ ಅರ್ಧ ದುಡ್ಡು.

ಮಾರಿದವರು ಇನ್ನೂ ಎರಡು ಮಾತು ಹೇಳಿದ್ದರು. ಒಂದು, ಇದು ಗಂಡು. ಎರಡು, ಮೂರು ತಿಂಗಳಲ್ಲಿ ಮಾತಾಡುತ್ತೆ. ಗಂಡು ಅಂತ ‘ರಾಜಾ’ ಎಂದು ಹೆಸರಿಟ್ಟೆವು. ಮಕಾವ್‌ನಲ್ಲಿ ನೋಡಿ ಗಂಡು ಹೆಣ್ಣು ಹೇಳೋಕೆ ಆಗಲ್ಲ, ಡಿಎನ್‌ಎ ಪರೀಕ್ಷೆಯೇ ಆಗಬೇಕು ಎಂದು ಆಮೇಲೆ ಗೊತ್ತಾಯಿತು. ಮಾಡಿಸಿದರೆ ಹೆಣ್ಣು. ನಾವೆಲ್ಲ ‘ರಾಜಿ’ ಅಂತ ಬದಲಾಯಿಸಿಕೊಂಡೆವು. ಅವ್ವ ಮಾತ್ರ ಇವತ್ತಿಗೂ ರಾಜಾ ಅಂತಲೇ ಕರೆಯುತ್ತಾಳೆ. ಮಾತು ಬಂದದ್ದು ವರ್ಷ ಕಳೆದ ಮೇಲೆ. ಮೊದಲ ಮಾತು ಕುಕ್ಕರ್ ಸೀಟಿ. ಅದನ್ನು ಮಾತು ಅನ್ನಬಹುದೋ ಇಲ್ಲವೋ ನೀವೇ ಹೇಳಿ.

ಮಾರಿದವರು ಕೊಟ್ಟದ್ದು ಇನ್ನೂ ತಾನಾಗಿ ತಿನ್ನಲು ಬಾರದ ಮರಿ. ದಿನಕ್ಕೆ ನಾಲ್ಕು ಸಲ ಸಿರಿಂಜಿನಲ್ಲಿ ಗಂಜಿ. ಗಂಜಿ 40 ಡಿಗ್ರಿ ಹತ್ತಿರ ಬಿಸಿ ಇರಬೇಕು. ಜಾಸ್ತಿಯಾದರೆ ಗಂಟಲ ಕೆಳಗಿನ ಚೀಲ ಸುಡುತ್ತದೆ, ತಣ್ಣಗಾದರೆ ಜೀರ್ಣವಾಗದೆ ಅಲ್ಲೇ ಹುಳಿಯುತ್ತದೆ. ಥರ್ಮಾಮೀಟರ್ ಹಿಡಿದು ಬೆಳಗಿನ ಜಾವ ಗ್ಯಾಸ್ ಮುಂದೆ ನಿಂತದ್ದು ನನ್ನ ಹೆಂಡತಿ. ಮಗ ಹುಟ್ಟಿದಾಗಲೂ ಇಷ್ಟು ಅಳತೆ ನೋಡಿರಲಿಲ್ಲ ಎಂದು ಇಂದಿಗೂ ಹೇಳುತ್ತಾಳೆ. ಹೊಸಬರು ತಾನಾಗಿ ತಿನ್ನುವ ಮರಿಯನ್ನೇ ತಗೊಳ್ಳಿ.

ಇಷ್ಟೆಲ್ಲ ಇದ್ದೂ ಯಾಕೆ ಇಟ್ಟುಕೊಂಡಿದ್ದೀರಿ ಅಂತೀರಾ? ಸಂಜೆ ಅಂಗಡಿ ಮುಚ್ಚಿ ಬಂದು ಕೂತರೆ, ಅಂಗಿ ಹಿಡಿದು ಹತ್ತಿ ಭುಜಕ್ಕೆ ಬಂದು ತಲೆ ತಗ್ಗಿಸುತ್ತದೆ. ಕುತ್ತಿಗೆ ಕೆರಿ ಅಂತ. ಹೊಸ ಪುಕ್ಕ ಬರುವಾಗ ಒಂದೊಂದರ ಮೇಲೂ ಮೇಣದಂಥ ಪೊರೆ ಇರುತ್ತದೆ. ಉಗುರಿನಿಂದ ಮೆಲ್ಲಗೆ ಉಜ್ಜಿದರೆ ಅದು ಪುಡಿಯಾಗಿ ಉದುರಿ ಒಳಗಿನ ನೀಲಿ ಬಿಚ್ಚಿಕೊಳ್ಳುತ್ತದೆ. ಆಗ ಕಣ್ಣು ಅರ್ಧ ಮುಚ್ಚಿರುತ್ತದೆ. ಕೆನ್ನೆಯ ಬಿಳಿ ಚರ್ಮದ ಮೇಲೆ ಕಪ್ಪು ಪುಕ್ಕದ ಸಣ್ಣ ಸಣ್ಣ ಗೆರೆ, ದಾರದಲ್ಲಿ ಹೊಲಿದ ಹಾಗೆ. ಖುಷಿಯಾದರೂ ಸಿಟ್ಟು ಬಂದರೂ ಆ ಚರ್ಮ ಗುಲಾಬಿಯಾಗುತ್ತದೆ. ಅವ್ವ ಬೈದ ದಿನ ಮೊದಲ ಸಲ ನೋಡಿದೆ. ಹಕ್ಕಿಯ ಮುಖ ಕೆಂಪಾಗಿದ್ದನ್ನು ನೋಡಿ ಅವ್ವನೇ ಸುಮ್ಮನಾದಳು. ಇನ್ನು ಅಕ್ರೋಟ್. ನಾವು ಬಾಗಿಲ ಸಂದಿಯಲ್ಲಿಟ್ಟು ಒಡೆಯುತ್ತಿದ್ದದ್ದನ್ನು ಇದು ಒಂದು ಕಾಲಲ್ಲಿ ಹಿಡಿದು, ಕಪ್ಪು ನಾಲಿಗೆಯಿಂದ ತಿರುಗಿಸಿ, ಜೋಡಣೆಯ ಗೆರೆ ಹುಡುಕಿ, ಟಕ್!

ಅದೇ ಕೊಕ್ಕು ನನ್ನ ಹೆಂಡತಿಯ ಬೆರಳಿಗೂ ಬಿತ್ತು. ಐದನೇ ವರ್ಷ, ಹಕ್ಕಿ ಪ್ರಾಯಕ್ಕೆ ಬಂದ ಸಮಯ. ಮೂರು ಹೊಲಿಗೆ. ಕಣ್ಣಿನ ಕಪ್ಪು ಬೊಟ್ಟು ಗಳಿಗೆಗೊಮ್ಮೆ ಸಣ್ಣದು ದೊಡ್ಡದು ಆಗುತ್ತಿದ್ದರೆ ಕೈ ಚಾಚಬಾರದು ಎಂದು ನಾವು ಕಲಿತದ್ದು ಹಾಗೆ.

ಊಟದಲ್ಲಿ ನನ್ನದೇ ತಪ್ಪು. ಗಂಜ್‌ನಲ್ಲಿ ಕೂತವನಿಗೆ ಸೂರ್ಯಕಾಂತಿ ಬೀಜಕ್ಕೇನು ಬರ? ಮೊದಲ ವರ್ಷ ಅದನ್ನೇ ಸುರಿದೆ. ಹಕ್ಕಿಯೂ ಬೇರೆ ಮುಟ್ಟುತ್ತಿರಲಿಲ್ಲ. ಸೂರ್ಯಕಾಂತಿಯಲ್ಲಿ ಕೊಬ್ಬು ಜಾಸ್ತಿ, ಎ ವಿಟಮಿನ್ನೂ ಕ್ಯಾಲ್ಸಿಯಮ್ಮೂ ಕಡಿಮೆ. ಪುಕ್ಕದ ಹೊಳಪು ಹೋಯಿತು. ಅದರ ರುಚಿ ಬಿಡಿಸಲು ನಾಲ್ಕು ತಿಂಗಳು ಬೇಕಾಯಿತು. ಈಗ ಪೆಲೆಟ್ (ಹಕ್ಕಿಗೆಂದೇ ಮಾಡಿದ ಗುಳಿಗೆಯಂಥ ಆಹಾರ), ಗಜ್ಜರಿ, ಕುಂಬಳ, ನುಗ್ಗೆ ಸೊಪ್ಪು, ಅಕ್ರೋಟ್, ಬಾದಾಮಿ. ಒಣಮೆಣಸಿನಕಾಯಿ ಕೊಟ್ಟರೆ ಪೇಡಾ ತಿಂದಂತೆ ತಿನ್ನುತ್ತದೆ. ಹಕ್ಕಿಗಳಿಗೆ ಖಾರ ತಗಲುವುದೇ ಇಲ್ಲವಂತೆ, ನಾಲಿಗೆಗೆ ಅದು ಗೊತ್ತೇ ಆಗಲ್ಲ. ಕೊಡಬಾರದ್ದು ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ, ಚಹಾ. ಎಲ್ಲ ಸೇರಿ ತಿಂಗಳಿಗೆ ಸರಾಸರಿ 4,500. ಬರೀ ಊಟಕ್ಕೇ ಆರು ವರ್ಷದಲ್ಲಿ ಹಕ್ಕಿಯ ಬೆಲೆಯ ಎರಡು ಪಟ್ಟು ದಾಟಿದೆ.

ನಾನ್‌ಸ್ಟಿಕ್ ತವಾ ಕೂಡ ಮನೆ ಬಿಟ್ಟಿತು. ಅದು ಮಿತಿಮೀರಿ ಕಾದರೆ ಬರುವ ಹೊಗೆ ನಮಗೆ ವಾಸನೆಯೂ ಬಾರದಷ್ಟು, ಹಕ್ಕಿಗೆ ಮಾತ್ರ ನಿಮಿಷಗಳಲ್ಲಿ ಸಾವು. ಅವ್ವನಿಗೆ ಇದೊಂದು ಖುಷಿ, ಅವಳ ಹಳೇ ಕಬ್ಬಿಣದ ಹಂಚು ವಾಪಸ್ ಬಂತು.

ಪಂಜರದ ಕಥೆ ಚಿಕ್ಕದು. ಮೊದಲ ಪಂಜರ 6,000. ಅದರ ಕೊಂಡಿ ತೆಗೆಯಲು ರಾಜಿಗೆ ಎರಡು ದಿನ, ಕಂಬಿ ಬಗ್ಗಿಸಲು ಮೂರು ವಾರ. ವೆಲ್ಡಿಂಗ್‌ನವರು ಜಿಐ ಜಾಲರಿ ಹಾಕುತ್ತೇನೆ ಅಂದರು, ಆ ಸತುವಿನ ಲೇಪವನ್ನು ಕಡಿದು ನುಂಗಿದರೆ ವಿಷ. ಕೊನೆಗೆ ಸ್ಟೀಲ್‌ನಲ್ಲಿ ಮಾಡಿಸಿದೆ, 48,000.

ಇನ್ನು ನಮ್ಮೂರ ಬಿಸಿಲು. ಏಪ್ರಿಲ್-ಮೇನಲ್ಲಿ 42, 43 ಡಿಗ್ರಿ. ಕಾಡಿನ ನೆರಳಿನ ಹಕ್ಕಿ ಇದು. ಬಾಯಿ ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ಏದುಸಿರು ಬಿಡುತ್ತದೆ. ಮಧ್ಯಾಹ್ನ ಕರೆಂಟ್ ಹೋದರೆ ಕೂಲರ್ ಇಲ್ಲ, ಮನೆಯಲ್ಲಿ ಒಬ್ಬರು ನೀರು ಚಿಮುಕಿಸುತ್ತ ಕೂರಬೇಕು. ಎರಡು ಬೇಸಿಗೆ ನೋಡಿ ಇನ್ವರ್ಟರ್ ಹಾಕಿಸಿದೆ. ಆ ದುಡ್ಡನ್ನು ಹಕ್ಕಿ ಲೆಕ್ಕಕ್ಕೆ ಬರೆಯಬೇಡ, ನಾವೂ ಅಲ್ಲೇ ಮಲಗ್ತೀವಿ ಎಂದ ಮಗ. ಅದೂ ನಿಜ.

ದೊಡ್ಡ ಕೊರತೆ ಡಾಕ್ಟರದು. ಊರಲ್ಲಿ ಎಮ್ಮೆ, ಕುರಿ, ಕೋಳಿಗೆ ಕೈ ಪಳಗಿದವರಿದ್ದಾರೆ. ಗಿಳಿ ಅಂದರೆ ಹೈದರಾಬಾದ್‌ಗೋ ಬೆಂಗಳೂರಿಗೋ ಹೋಗಬೇಕು. ಮೂರನೇ ವರ್ಷ ತಂಗಿಯ ಮದುವೆಗೆ ಎಂಟು ದಿನ ಮನೆ ಬಿಟ್ಟೆವು. ಊಟ ನೀರು ಹಾಕಲು ಒಬ್ಬರನ್ನು ಇಟ್ಟಿದ್ದೆವು. ಬಂದು ನೋಡಿದರೆ ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡಿದೆ. ಅಂಗೈ ಅಗಲ ಬೋಳು, ಪಂಜರದ ಕೆಳಗೆ ಅರಿಶಿಣ ಬಣ್ಣದ ರಾಶಿ. ಕಾರು, ಡಾಕ್ಟರು, ಪರೀಕ್ಷೆ ಸೇರಿ 16,000 ಖರ್ಚಾದ ಮೇಲೆ ಹೈದರಾಬಾದ್‌ನ ಡಾಕ್ಟರು ಹೇಳಿದ್ದು ಇಷ್ಟು: ರೋಗ ಏನಿಲ್ಲ, ಬಿಟ್ಟು ಹೋದಿರಿ ಅಂದುಕೊಂಡಿದೆ. ಜೋಡಿ ಕಟ್ಟಿ ಬದುಕು ಪೂರ್ತಿ ಜೊತೆಗಿರುವ ಜಾತಿ ಇದು, ಜೋಡಿ ಇಲ್ಲದ ಕಡೆ ಮನೆಯವರೇ ಜೋಡಿ. ಅಂದಿನಿಂದ ಎಲ್ಲರೂ ಒಟ್ಟಿಗೆ ಊರಿಗೆ ಹೋಗಿಲ್ಲ. ತಿರುಪತಿಗೂ ಎರಡು ಪಾಳಿ.

ಕಾಗದದ ಕೆಲಸ ಅಂದುಕೊಂಡಷ್ಟು ಕಷ್ಟವಿಲ್ಲ. 2024ರ ನಿಯಮದ ಪ್ರಕಾರ ಇಂಥ ವಿದೇಶಿ ಹಕ್ಕಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಶುಲ್ಕ 1,000. ಮರಿ ಹುಟ್ಟಿದರೂ, ಹಕ್ಕಿ ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಕಾಗದ ಇಲ್ಲದ ಹಕ್ಕಿ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಹಾಗಾದರೆ ನಮ್ಮ ಹಸಿರು ಗಿಳಿಯನ್ನೇ ಸಾಕಿದರಾಯ್ತು ಅನ್ನಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದೇ ಅಪರಾಧ.

ಚೆನ್ನಾಗಿ ನೋಡಿಕೊಂಡರೆ ಮಕಾವ್ 50 ವರ್ಷ ದಾಟುತ್ತದೆ. ನನಗೀಗ 46. ರಾಜಿಗೆ 40 ಆದಾಗ ನನಗೆ 80. ತಗೊಳ್ಳುವಾಗ ಈ ಲೆಕ್ಕ ಹಾಕಲೇ ಇಲ್ಲ, ದಿನವಿಡೀ ಲೆಕ್ಕ ಬರೆಯುವ ಕೆಲಸದವನು ನಾನು! ಮಗ ಪಿಯುಸಿ ಮುಗಿಸಿ ಧಾರವಾಡಕ್ಕೆ ಹೋಗುವವನಿದ್ದಾನೆ. "ಹಾಸ್ಟೆಲ್‌ನಲ್ಲಿ ಇಡೋಕಾಗುತ್ತಾ ಅಪ್ಪ?" ಎಂದು ನಗುತ್ತಾನೆ. ಅವನಿಗೆಂದೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ: ಏನು ತಿನ್ನುತ್ತದೆ, ಎಲ್ಲಿ ಕೆರೆಯಬೇಕು, ಯಾವ ಡಾಕ್ಟರು, ಕಾಲಿನ ಉಂಗುರದ ನಂಬರ್.

ಕಳೆದ ತಿಂಗಳು ಸಿಂಧನೂರಿನಿಂದ ಒಬ್ಬ ಹುಡುಗ ಬಂದಿದ್ದ, ಮಕಾವ್ ತಗೋಬೇಕು ಅಂತ. ಬೇಕಂತಲೇ ಸಂಜೆ ಐದೂವರೆಗೆ ಬಾ ಎಂದಿದ್ದೆ. ಕಾಡಿನಲ್ಲಿ ಬೆಳಗ್ಗೆ ಸಂಜೆ ಗುಂಪನ್ನು ಕೂಗಿ ಕರೆಯುವ ಹಕ್ಕಿ ಇದು, ಮೈಲಿ ದೂರಕ್ಕೆ ಕೇಳುವ ಗಂಟಲು. ಮನೆಯೊಳಗೂ ಅಷ್ಟೇ ಜೋರಾಗಿ ಕೂಗುತ್ತದೆ. ಹುಡುಗ ಚಹಾ ಕಪ್ ಹಿಡಿದು ಇಪ್ಪತ್ತು ನಿಮಿಷ ಕೂತ. ಮಾತಾಡಲು ಸಂದಿ ಸಿಗಲಿಲ್ಲ.

"ಇದು ಸುಮ್ನಾಗೋದು ಯಾವಾಗ ಅಣ್ಣ?"

"ಕತ್ತಲಾದ ಮೇಲೆ."

ಹೋಗುವಾಗ ರಾಜಿ ಅವನತ್ತ ತಲೆ ತಗ್ಗಿಸಿತು. ಅವನು ಹೆದರುತ್ತಲೇ ಒಂದು ಬೆರಳಿನಿಂದ ಕುತ್ತಿಗೆ ಕೆರೆದ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದ, "ಅಣ್ಣ, ಆ ಸ್ಟೀಲ್ ಪಂಜರ ಎಷ್ಟು ಬಿತ್ತು?"

ಹೇಳಿದೆ. ಅವನು ತಗೋತಾನೆ ಅಂತ ಕಾಣುತ್ತೆ.