ಕಾಮಿಕ್ಸ್ ಮೂಲ ಹಾಳೆಗಳಿಗೆ ಯುವಿ ಅಕ್ರಿಲಿಕ್ ಕಟ್ಟು: ದಾವಣಗೆರೆಯ ಗೋಡೆಯ ಮೇಲೆ ನಾಲ್ಕು ವರ್ಷ

ಕಲಾವಿದರು ಅಚ್ಚಿಗೆಂದು ಕೈಯಲ್ಲೇ ಬರೆದ ಐದು ಕಾಮಿಕ್ಸ್ ಮೂಲ ಹಾಳೆಗಳಿಗೆ ನಾಲ್ಕು ವರ್ಷಗಳ ಹಿಂದೆ ಅತಿನೇರಳೆ (ಯುವಿ) ಕಿರಣ ತಡೆಯುವ ಅಕ್ರಿಲಿಕ್ (ಗಾಜಿನ ಬದಲು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹಲಗೆ) ಹಾಗೂ ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಹಿಂದೆಯೂ ಸುತ್ತಲೂ ಇಡುವ ದಪ್ಪ ರಟ್ಟು) ಬಳಸಿ ಕಟ್ಟು ಹಾಕಿಸಿದೆ. ಸಾಮಗ್ರಿಯನ್ನು ಬೆಂಗಳೂರಿನಿಂದ ತರಿಸಿ, ಕೊಯ್ದು ಜೋಡಿಸುವ ಕೆಲಸವನ್ನು ದಾವಣಗೆರೆಯಲ್ಲೇ, ದೇವರ ಪಟಗಳಿಗೂ ಮದುವೆ ಫೋಟೋಗಳಿಗೂ ಕಟ್ಟು ಹಾಕುವ ಒಂದು ಅಂಗಡಿಯಲ್ಲಿ ಮಾಡಿಸಿದೆ. ಒಂದು ಪಟಕ್ಕೆ ಸುಮಾರು 4,800 ರೂಪಾಯಿ ತಗುಲಿತು; ಅದೇ ಅಳತೆಗೆ ಮಾಮೂಲಿ ಗಾಜು, ರಟ್ಟು ಹಾಕಿಸಿದ್ದರೆ 750ರಲ್ಲಿ ಮುಗಿಯುತ್ತಿತ್ತು. ಆ ಹಣದಲ್ಲಿ ಹಿಂಬದಿಯ ಬೋರ್ಡಿಗೆ ಕೊಟ್ಟ ಪಾಲು ಪೂರ್ತಿ ವಸೂಲಾಗಿದೆ. ಮುಂಭಾಗದ ಅಕ್ರಿಲಿಕ್‌ಗೆ ಕೊಟ್ಟದ್ದು ಐದರಲ್ಲಿ ಒಂದು ಪಟದ ಮಟ್ಟಿಗಷ್ಟೇ ಅನಿವಾರ್ಯವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಇಷ್ಟು ಖರ್ಚಿಗೆ ಇಳಿದದ್ದು ಪೆಟ್ಟು ತಿಂದ ಮೇಲೆ. ಕನ್ನಡದ ಮಕ್ಕಳ ಮಾಸಿಕವೊಂದಕ್ಕಾಗಿ ಬರೆದ ಹಾಳೆಯೊಂದನ್ನು 2014ರಲ್ಲಿ ಬೇರೊಂದು ಅಂಗಡಿಗೆ ಕೊಟ್ಟಿದ್ದೆ. ಸುಕ್ಕು ಕಾಣಬಾರದೆಂದು ಅಲ್ಲಿಯವರು ಹಾಳೆಯ ಬೆನ್ನಿಗೆಲ್ಲ ಅಂಟು ಸವರಿ ಹಾರ್ಡ್‌ಬೋರ್ಡಿಗೆ ಒತ್ತಿಬಿಟ್ಟಿದ್ದರು. ಆರು ವರ್ಷಗಳಲ್ಲಿ ಕಾಗದ ಚಹಾದ ಬಣ್ಣಕ್ಕೆ ತಿರುಗಿತು; ಬಿಡಿಸಲು ಹೋದಾಗ ಬಲ ಮೂಲೆ ಬೋರ್ಡಿನಲ್ಲೇ ಉಳಿಯಿತು. ಹಾರ್ಡ್‌ಬೋರ್ಡ್ ಮತ್ತು ಸಾಮಾನ್ಯ ರಟ್ಟಿನಲ್ಲಿ ಮರದ ನಾರುಗಳನ್ನು ಬೆಸೆಯುವ ಲಿಗ್ನಿನ್ ಎಂಬ ಪದಾರ್ಥ ಇರುತ್ತದೆ. ಅದು ಹಳತಾದಂತೆ ಹೊರಬಿಡುವ ಆಮ್ಲ ತನಗೆ ತಾಗಿಕೊಂಡ ಕಾಗದವನ್ನು ಹಳದಿಯಾಗಿಸಿ, ಮುಟ್ಟಿದರೆ ಪುಡಿಯಾಗುವಂತೆ ಮಾಡುತ್ತದೆ. ಈ ಬಾರಿ ನಾನು ಹಾಕಿಸಿದ, ಹತ್ತಿಯ ನಾರಿನಿಂದ ಮಾಡಿದ ಬೋರ್ಡಿನಲ್ಲಿ ಲಿಗ್ನಿನ್ ಇಲ್ಲ. ಮೊನ್ನೆ ಮೇ ತಿಂಗಳಲ್ಲಿ ಒಂದು ಕಟ್ಟು ಬಿಚ್ಚಿಸಿ ನೋಡಿದಾಗ, ಬೋರ್ಡಿಗೆ ತಾಗಿದ್ದ ಹಾಳೆಯ ಬೆನ್ನಿಗೂ ತೆರೆದಿದ್ದ ಮುಂಭಾಗಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಳೆಯನ್ನು ಈಗ ಎಲ್ಲಿಯೂ ಪೂರ್ತಿ ಅಂಟಿಸಿಲ್ಲ. ಜಪಾನೀ ಕಾಗದದ ಎರಡು ಸಣ್ಣ ತುಂಡುಗಳನ್ನು ಮೇಲಂಚಿನಲ್ಲಿ ಗೋಧಿ ಪಿಷ್ಟದ ಅಂಟಿನಿಂದ ಕೂರಿಸಿ, ಹಾಳೆಯನ್ನು ಅವುಗಳಿಂದಲೇ ತೂಗಿಬಿಡಲಾಗಿದೆ. ನೀರು ಸೋಕಿಸಿದರೆ ಈ ಅಂಟು ಬಿಡುತ್ತದೆ. (ಮನೆಯಲ್ಲಿ ಗಾಳಿಪಟಕ್ಕೆ ಕುದಿಸುತ್ತಿದ್ದ ಮೈದಾ ಅಂಟು ಇದಲ್ಲ, ಇಲ್ಲಿ ಹಿಟ್ಟಿನ ಜಿಗುಟನ್ನು ತೆಗೆದು ಬರೀ ಪಿಷ್ಟವನ್ನು ಉಳಿಸಿಕೊಂಡಿರುತ್ತಾರೆ.) ಅಳತೆಯ ವಿಷಯದಲ್ಲಿ ಅಂಗಡಿಯವರೊಂದಿಗೆ ಸ್ವಲ್ಪ ವಾದವಾಯಿತು. ಅಮೆರಿಕದ ಕಾಮಿಕ್ಸ್ ಹಾಳೆ ಸಾಮಾನ್ಯವಾಗಿ 11×17 ಇಂಚು ಇರುತ್ತದೆ. ಅದನ್ನು ಕಂಡವರು ಕೂಡಲೇ 12×18ರ ಸಿದ್ಧ ಫ್ರೇಮನ್ನು ಎತ್ತಿಕೊಳ್ಳುತ್ತಾರೆ. ಅದರಲ್ಲಿ ಮೌಂಟಿಗೆ ಜಾಗವೇ ಉಳಿಯುವುದಿಲ್ಲ, ಚಿತ್ರ ಗಾಜಿಗೆ ತಾಗಿ ಕೂರುತ್ತದೆ. "ಅಂಚಿನಲ್ಲಿರೋ ಗೀಚುಗಳನ್ನ ಮುಚ್ಚಿಬಿಡ್ಲಾ ಸರ್?" ಎಂದೂ ಕೇಳಿದರು. ಸಂಪಾದಕರ ಪೆನ್ಸಿಲ್ ಟಿಪ್ಪಣಿ, ಪುಟಸಂಖ್ಯೆ, ತಪ್ಪಿದ ಗೆರೆಯ ಮೇಲೆ ಬಳಿದ ಬಿಳಿ ಬಣ್ಣ, ಅಚ್ಚಿನ ಕ್ಯಾಮೆರಾಕ್ಕೆ ಕಾಣದಂತೆ ತಿಳಿನೀಲಿ ಪೆನ್ಸಿಲಿನಲ್ಲಿ ಎಳೆದ ಮೊದಲ ಗೆರೆಗಳು, ಇವೆಲ್ಲ ಅಚ್ಚಾದ ಪುಸ್ತಕದಲ್ಲಿ ಸಿಗುವುದಿಲ್ಲವಾದ್ದರಿಂದ, ಹಾಳೆಯ ನಾಲ್ಕೂ ಅಂಚು ಕಾಣುವಂತೆ ಕಿಂಡಿ ಕೊಯ್ಯಿಸಿದೆ. ಅವರ ಕೊಯ್ತ ಅಚ್ಚುಕಟ್ಟಾಗಿದೆ.

ಇನ್ನು ಅಕ್ರಿಲಿಕ್. ನನ್ನ ನಾಲ್ಕು ಹಾಳೆಗಳು ಇಂಡಿಯನ್ ಇಂಕಿನವು. ಆ ಶಾಯಿಯ ಕಪ್ಪು ಇಂಗಾಲದ್ದಾದ್ದರಿಂದ ಬೆಳಕಿಗೆ ಮಾಸುವುದಿಲ್ಲ. ಅಲ್ಲಿ ಅಕ್ರಿಲಿಕ್ ಕಾಯುತ್ತಿರುವುದು ಕಾಗದವನ್ನು ಮಾತ್ರ. ಐದನೆಯದು ಬಣ್ಣದ ಮಾರ್ಕರಿನಲ್ಲಿ ಬರೆಸಿಕೊಂಡದ್ದು. ಅಕ್ರಿಲಿಕ್ ಅತಿನೇರಳೆ ಕಿರಣಗಳಲ್ಲಿ ಶೇ. 99ರಷ್ಟನ್ನು ತಡೆಯುತ್ತದೆ ಎಂಬ ಭರವಸೆಯ ಮೇಲೆ ಅದನ್ನು ಹಜಾರದಲ್ಲಿ ಕಿಟಕಿಯ ಎದುರೇ ತೂಗುಹಾಕಿದ್ದು ನನ್ನ ತಪ್ಪು. ಎರಡೇ ವರ್ಷಗಳಲ್ಲಿ ನಾಯಕಿಯ ಸೀರೆಯ ಗುಲಾಬಿ ಬಣ್ಣ ಬೂದಿಗೆ ಹತ್ತಿರವಾಯಿತು. ಮಾರ್ಕರಿನ ಬಣ್ಣವನ್ನು ಕಣ್ಣಿಗೆ ಕಾಣುವ ಬೆಳಕೂ ತಿನ್ನುತ್ತದೆ. ವಸ್ತುಸಂಗ್ರಹಾಲಯಗಳು ಇಂತಹ ಚಿತ್ರಗಳನ್ನು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಇಡುವುದು ಇದೇ ಕಾರಣಕ್ಕೆ. ಈಗ ಅದು ದೇವರ ಮನೆಯ ಪಕ್ಕದ ಕತ್ತಲೆ ಓಣಿಯಲ್ಲಿದೆ.

ಅಕ್ರಿಲಿಕ್‌ನ ತೂಕ ಗಾಜಿನ ಅರ್ಧದಷ್ಟೂ ಇಲ್ಲ, ಬಿದ್ದರೆ ಚೂರಾಗುವುದಿಲ್ಲ. ಆದರೆ ದೂಳನ್ನು ಎಳೆದುಕೊಳ್ಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ನಮ್ಮೂರಿನ ಬೇಸಿಗೆಯಲ್ಲಿ ಒಣ ಬಟ್ಟೆಯಿಂದ ಒರೆಸಿದಷ್ಟೂ ಸ್ಥಾಯೀ ವಿದ್ಯುತ್ ಹೆಚ್ಚಿ, ಮಧ್ಯಾಹ್ನದ ಹೊತ್ತಿಗೆ ಮತ್ತೆ ದೂಳು ಕೂತಿರುತ್ತದೆ. ಗಾಜು ಒರೆಸುವ ಅಮೋನಿಯಾ ದ್ರಾವಣ ಅಕ್ರಿಲಿಕ್‌ನ ಮೈಯನ್ನು ಮಂಕಾಗಿಸುತ್ತದೆ. ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯೇ ಸಾಕು.

ಕಟ್ಟಿನೊಳಗಿನ ಒಂದು ಅವಾಂತರಕ್ಕೆ ಮಾತ್ರ ನಾನು ಯಾರನ್ನೂ ದೂರಲಾರೆ. ಹಳೆಯ ಹಾಳೆಗಳಲ್ಲಿ ಸಂಭಾಷಣೆಯನ್ನು ಬೇರೆ ಚೀಟಿಯಲ್ಲಿ ಬರೆದು ರಬ್ಬರ್ ಸಲ್ಯೂಷನ್‌ನಿಂದ ಅಂಟಿಸುವ ಪದ್ಧತಿಯಿತ್ತು. ಆ ಅಂಟು ವರ್ಷಗಳು ಕಳೆದಂತೆ ಕಂದು ಕಲೆ ಬಿಟ್ಟು ಒಣಗಿಹೋಗುತ್ತದೆ. ಕಳೆದ ಏಪ್ರಿಲ್‌ನ ಒಂದು ಬೆಳಿಗ್ಗೆ ನೋಡಿದರೆ, "ಅಯ್ಯೋ, ಬಾಗಿಲು ತೆಗೀರಪ್ಪಾ!" ಎಂಬ ಚೀಟಿ ಮುದುಕನ ಬಾಯಿಂದ ಕಳಚಿ ಪಟದ ತಳದಲ್ಲಿ ಬಿದ್ದಿತ್ತು. ಕಟ್ಟು ಹಾಕಿಸುವ ಮುನ್ನ ಇಂತಹ ಚೀಟಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸಡಿಲವಾದವನ್ನು ಪಿಷ್ಟದ ಅಂಟಿನಿಂದ ಮತ್ತೆ ಕೂರಿಸಿಕೊಳ್ಳಬೇಕಿತ್ತು.

ಮನೆಯ ತೇವಮಾಪಕ ಏಪ್ರಿಲ್‌ನಲ್ಲಿ ಶೇ. 30ಕ್ಕಿಂತ ಕೆಳಗೂ ಆಗಸ್ಟ್‌ನಲ್ಲಿ ಶೇ. 75ರ ಮೇಲೂ ತೋರಿಸುತ್ತದೆ. ಆದ್ದರಿಂದ ಮಳೆ ಬಡಿಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಗೇ ತೂಗುಹಾಕಿದ್ದೇನೆ. ಹಿಂದೆ ಗಾಳಿಯಾಡಲೆಂದು ಪಟದ ಕೆಳಮೂಲೆಗಳಿಗೆ ಬೆಂಡಿನ ಬಿಲ್ಲೆ ಹಚ್ಚಿಸಿದೆ. ಕಟ್ಟು ಹಾಕಿಸದ ಹಾಳೆಗಳು ಪಾಲಿಯೆಸ್ಟರ್ ಲಕೋಟೆಗಳಲ್ಲಿವೆ. ಅಗ್ಗದ ಪಿವಿಸಿ ಲಕೋಟೆ ಬಿಸಿಲುಗಾಲದಲ್ಲಿ ಶಾಯಿಗೆ ಅಂಟಿಕೊಳ್ಳುತ್ತದೆ.

ಆರನೆಯ ಹಾಳೆಯನ್ನು ಹೋದ ವಾರ ಅದೇ ಅಂಗಡಿಗೆ ಕೊಟ್ಟಿದ್ದೇನೆ. ಅದು ಬರೀ ಕಪ್ಪು ಶಾಯಿಯದು, ಬೆಳಕು ಬೀಳದ ಗೋಡೆಗೆ ಹೋಗುವಂಥದ್ದು. ಮುಂದೆ ಮಾಮೂಲಿ ಗಾಜೇ ಇರಲಿ, ಹಿಂದೆ ಮಾತ್ರ ಹತ್ತಿಯ ಬೋರ್ಡೇ ಬೇಕು ಎಂದು ಚೀಟಿಯಲ್ಲಿ ಬರೆಸಿ ಬಂದಿದ್ದೇನೆ.